ಕೆಂಚನ ಹಲ್ಲಿಗೆ ಒತ್ತಿದ ಕಡ್ಡಿಪುಡಿ

ಊರಿಗೆಲ್ಲ ಎರಡೇ ಮನೆಯಲ್ಲಿ ಫೋನ್ ಇದ್ದ ದಿನಗಳವು. ಸೋಸಲೆ ಪಕ್ಕದ ನಮ್ಮೂರಲ್ಲಿ ಆಲೆಮನೆ ಹೂಡಿದರೆ ಬೀದಿಗೆಲ್ಲ ಬೆಲ್ಲದ ವಾಸನೆ. ನನ್ನ ಮಗಳ ಮಗಳು ಗೌರಿಗೆ ಆಗ ಎಂಟು ವರ್ಷ. ಅವಳ ಬಾಲ್ಯ ಅಂದರೆ ನನಗೆ ನೆನಪಾಗುವುದು ಆ ಒಂದು ಬೆಲ್ಲದ ಕಾಲ.

ಕುಂಟೆಬಿಲ್ಲೆ ಆಡಿ ಮುಗಿಸಿ ಆಲೆಮನೆಗೆ ಓಡಿ ಬಿಸಿ ಬೆಲ್ಲ ತರುತ್ತಿದ್ದಳು. ಅರ್ಧ ಅವಳಿಗೆ, ಅರ್ಧ ನಮ್ಮ ನಾಯಿ ಕೆಂಚನಿಗೆ. ನಮ್ಮದು ಶಿವಪೂಜೆಯ ಮನೆ, ಮೂಳೆ ಹೊಸಿಲು ದಾಟದು. ಕೆಂಚನಿಗೆ ಹಾಲಲ್ಲಿ ಕಿವುಚಿದ ಮುದ್ದೆ, ಅದರ ಮೇಲೂ ಬೆಲ್ಲ. ಮಗುವಿನಂತೆ ಸಾಕಿದ್ದೇವೆ ಎಂದು ಬೀಗುತ್ತಿದ್ದೆವು. ನಾಯಿಗೂ ಹಲ್ಲು ಕೆಡುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಒಂದು ಬೆಳಿಗ್ಗೆ ಅದು ಮುದ್ದೆ ಮುಟ್ಟಲಿಲ್ಲ. ಬಾಯಿ ಸತ್ತ ಇಲಿಯಂತೆ ನಾರುತ್ತಿತ್ತು. ತುಟಿ ಎತ್ತಿ ನೋಡಿದೆ. ದವಡೆ ಹಲ್ಲಿಗೆ ಹಳದಿ ಕಲ್ಲು ಕಟ್ಟಿತ್ತು, ಒಸಡು ಊದಿತ್ತು. ನನಗೆ ಹಲ್ಲುನೋವು ಬಂದರೆ ಕಡ್ಡಿಪುಡಿ ಒತ್ತಿಕೊಳ್ಳುತ್ತಿದ್ದೆ. ಅದೇ ಹೊಗೆಸೊಪ್ಪಿನ ಪುಡಿಯನ್ನು ಅದಕ್ಕೂ ಒಂದು ಚಿಟಿಕೆ ಒತ್ತಿದೆ.

ಸ್ವಲ್ಪ ಹೊತ್ತಿಗೇ ಕೆಂಚ ನೊರೆ ಸುರಿಸುತ್ತ ಬೀದಿಗೆ ಓಡಿತು, ಗೋಡೆಗೆ ಮೂತಿ ಉಜ್ಜಿತು, ತೂರಾಡಿತು. ಎದುರುಮನೆಯ ಮಾದಪ್ಪ ಕೂಗಿಕೊಂಡ:

"ಉಚ್ಚು ಇಡ್ದದೆ ಕಣ್ರಪ್ಪೋ! ಮಕ್ಳ ಒಳೀಕ್ ಕರ್ಕಳಿ!"

ದೊಣ್ಣೆ ಹಿಡಿದು ನಾಲ್ಕು ಜನ ಬಂದರು. ಕೆಂಚ ನಮ್ಮ ಜಗಲಿ ಮೂಲೆ ಸೇರಿ ನಡುಗುತ್ತಿತ್ತು. ಗೌರಿ ಅದಕ್ಕೆ ಅಡ್ಡ ನಿಂತಳು.

"ಒಡೀಬ್ಯಾಡಿ ಮಾವ!"

"ಸರ್ಕೋ ಮೊಗ! ಕಚ್ಬುಟ್ರೆ ನಿಮ್ಮಜ್ಜಿ ತಂದ್ಕೊಟ್ಟಾಳಾ ನಿನ್ ಪ್ರಾಣವ?"

ಕಡ್ಡಿಪುಡಿ ಒತ್ತಿದ್ದು ಹೇಳಿದರೆ ಊರು ನಗುತ್ತದೆ. ಹೇಳದಿದ್ದರೆ ನಾಯಿ ಸಾಯುತ್ತದೆ. ನಿಜವಾಗಿ ಹುಚ್ಚೇ ಹಿಡಿದಿದ್ದು, ನನ್ನ ಮಾತು ನಂಬಿ ಅವರು ಬಿಟ್ಟು, ಅದು ಮಗುವನ್ನು ಕಚ್ಚಿದರೆ? ಗೌರಿಯನ್ನು ರಟ್ಟೆ ಹಿಡಿದು ಈಚೆಗೆ ಎಳೆದೆ. ಮಾದಪ್ಪ ದೊಣ್ಣೆ ಎತ್ತಿದ. ಸೊಂಟದಲ್ಲಿದ್ದ ಕಡ್ಡಿಪುಡಿ ಡಬ್ಬಿ ತೆಗೆದು ಅವನ ಕಾಲ ಮುಂದೆ ಎಸೆದೆ.

"ಉಚ್ಚು ಇಡ್ದಿರೋದು ನಂಗೆ ಕಣ್ಲಾ! ಅದ್ರ ಅಲ್ಗೆ ಕಡ್ಡಿಪುಡಿ ಒತ್ತಿದ್ದು ನಾನೇಯ!"

ಮಾದಪ್ಪ ಡಬ್ಬಿ ನೋಡಿದ, ನನ್ನ ನೋಡಿದ. "ನಾಳೀಕೆ ಅದ್ಕೆ ಬೀಡಿನೂ ಕಚ್ಸವ್ವ," ಎಂದ. ಎಲ್ಲರೂ ನಕ್ಕರು. ದೊಣ್ಣೆ ಮಾತ್ರ ಬಿಡಲಿಲ್ಲ. "ಡಾಕ್ಟ್ರು ಏಳ್ಲಿ, ಆಮೇಕೆ ನೋಡ್ಮ."

ಕೆಂಚನ ಮೇಲೆ ಗೋಣಿಚೀಲ ಹಾಕಿ ಮಾದಪ್ಪನ ಗಾಡಿಯಲ್ಲೇ ನರಸೀಪುರದ ದನದ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ದೊಣ್ಣೆ ಅವನ ತೊಡೆ ಮೇಲಿತ್ತು. ಡಾಕ್ಟರು ನೋಡಿ ಹುಚ್ಚಲ್ಲ ಎಂದರು. ಅದು ಸುಧಾರಿಸಿದ ಮೇಲೆ ಮತ್ತಿನ ಇಂಜೆಕ್ಷನ್ ಕೊಟ್ಟು ಕೊಳೆತ ಹಲ್ಲು ಕಿತ್ತರು.

"ಹೊಗೆಸೊಪ್ಪು ನಾಯಿಗೆ ವಿಷ ಕಣಮ್ಮ. ಬೆಲ್ಲ ನಿಲ್ಸಿ. ದಿನಾ ಒದ್ದೆ ಬಟ್ಟೇಲಿ ಹಲ್ಲು ಒರೆಸಿ."

ಗೌರಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ದಿನಾ ಒರೆಸಿದಳು. ಅವಳಿಗೆ ಕೆಂಚ ಬಾಯಿ ಬಿಟ್ಟುಕೊಂಡು ಕೂರುತ್ತಿತ್ತು.

ಈಗ ಆ ಆಲೆಮನೆ ಇಲ್ಲ, ಕೆಂಚ ಇಲ್ಲ, ನನ್ನ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಅವೆಲ್ಲ ಹೋಗುವಂಥವೇ. ಆಮೇಲೆ ಆರು ವರ್ಷ ಕೆಂಚ ನಾನು ಹಾಕಿದ ಮುದ್ದೆ ತಿಂದಿತು. ನನ್ನ ಬೆರಳು ಹತ್ತಿರ ಬಂದರೆ ಮಾತ್ರ ಬಾಯಿ ಬಿಗಿಯುತ್ತಿತ್ತು.