ಮೆಣಸಿನಕಾಯಿ ಆದ ಮೇಲಿನ ರಾಗಿ

ನಂಜನಗೂಡಿನ ಕಾಲೇಜಿನಲ್ಲಿ ನಮಗೆ ಸಿಇಟಿ ಲೆಕ್ಕ ಹೇಳಿಕೊಡುತ್ತಿದ್ದ ಮೇಷ್ಟ್ರು, ಫಂಕ್ಷನ್ ಎಂದರೆ ಹಿಟ್ಟಿನ ಮಿಷನ್ ಇದ್ದ ಹಾಗೆ ಎಂದರು. ರಾಗಿ ಹಾಕಿದರೆ ರಾಗಿಹಿಟ್ಟು, ಅಕ್ಕಿ ಹಾಕಿದರೆ ಅಕ್ಕಿಹಿಟ್ಟು, ಎಷ್ಟು ಸಲ ಹಾಕಿದರೂ ಅದೇ. ನನಗೆ ರೇಗಿತು. ಈ ಮನುಷ್ಯ ಎಂದಾದರೂ ಮಿಷನ್ ಮುಂದೆ ಡಬ್ಬ ಹಿಡಿದು ನಿಂತಿದ್ದಾರೆಯೇ?

ಎದ್ದು ನಿಂತೆ. "ಇಲ್ಲ ಸಾ. ಕವಲಂದೆಲಿ ನಮ್ ಬೀದಿಗೆಲ್ಲ ಒಂದೇ ಮಿಷನ್ನು. ಮೆಣಸಿನ್‌ಕಾಯಿ ಆದ್ಮೇಲೆ ರಾಗಿ ಹಾಕುದ್ರೆ ಖಾರದ್ ಹಿಟ್ಟೇ ಬರೋದು. ಅದುಕ್ಕೇ ಮೆಣಸಿನ್‌ಕಾಯಿ ತಂದೋರ ಹಿಂದೆ ಯಾರೂ ನಿಲ್ಲಾಕಿಲ್ಲ."

ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟರು.

"ಹಂಗಾದ್ರೆ ನಿಮ್ಮೂರ ಮಿಷನ್ನು ಫಂಕ್ಷನ್ ಅಲ್ಲ ಕಣಮ್ಮ. ಫಂಕ್ಷನ್‌ಗೆ ಮುಂಚೆ ಬಂದವರ ನೆನಪಿರಲ್ಲ. ನೀನು ಹೇಳ್ತಿರೋದು ಮುಂದಿನ ಪಾಠ, ಸೀಕ್ವೆನ್ಸು, ಅಂದ್ರೆ ಸಂಖ್ಯೆಗಳ ಸಾಲು. ಕೆಲವು ಸಾಲಲ್ಲಿ ಹಿಂದಿನ ಸಂಖ್ಯೆಯ ಖಾರ ಮುಂದಿನದಕ್ಕೆ ಅಂಟ್ಕೊಳ್ತದೆ."

ಪರೀಕ್ಷೆಯಲ್ಲಿ ಅಂಥದೇ ಒಂದು ಲೆಕ್ಕ ಬಂತು. ಮೊದಲ ಸಂಖ್ಯೆ ಎರಡು, ಆಮೇಲಿನ ಪ್ರತಿಯೊಂದೂ ಹಿಂದಿನದರ ಎರಡರಷ್ಟಕ್ಕೆ ಒಂದು ಕೂಡಿಸಿದ್ದು, ಐದನೆಯದು ಯಾವುದು? ಸೂತ್ರ ಹುಡುಕದೆ ಡಬ್ಬಗಳನ್ನು ಸಾಲಾಗಿ ನಿಲ್ಲಿಸಿದೆ: ಎರಡು, ಐದು, ಹನ್ನೊಂದು, ಇಪ್ಪತ್ತಮೂರು, ನಲವತ್ತೇಳು.

ಆ ಸಂಜೆ ಅವ್ವ ರಾಗಿ ಕೊಟ್ಟು ಕಳಿಸಿದಳು. ಮಿಷನ್ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಬಾವ್ವ, ಜನ ಇಲ್ಲ, ಬಿರ್ನೆ ಹಾಕ್ಕೊಡ್ತೀನಿ" ಎಂದ ಮಿಷನ್ನಿನವನು.

ನಾನು ಡಬ್ಬ ಕೊಡಲಿಲ್ಲ. "ಇದುಕ್ ಮುಂಚೆ ಏನ್ ಬೀಸುದ್ರಿ, ಅದ್ ಹೇಳಣ್ಣ ಮೊದ್ಲು."

ಅವನು ಹೇಳಲು ಬಾಯಿ ತೆರೆದ, ಸೀನಿದ.