ಜೋಪಾನ ಮಾಡಿದ ಹಿಮ

ನಾರ್ವೆಯ ನಮ್ಮೂರಿನಲ್ಲಿ ಎಲ್ಲರ ಸ್ಕೀ ಹಲಗೆಗಳಿಗೂ ಮೇಣ ಹಚ್ಚುವವಳು ಗುನ್ವೋರ್. ಹಲಗೆ ಚೆನ್ನಾಗಿ ಜಾರಲೆಂದು ಹರೆಯದಿಂದಲೂ ತಿಕ್ಕಿ ತಿಕ್ಕಿ ಅವಳ ಭುಜ ಸೋತುಹೋಗಿದೆ. ಆ ಮೇಣದಲ್ಲಿ ವಿಷವಿದೆಯೆಂದು ಈ ಬೇಸಿಗೆಯಲ್ಲಿ ಸ್ಕೀ ಸಂಘ ಅದನ್ನು ನಿಷೇಧಿಸಿದಾಗ, ಉಳಿದ ಡಬ್ಬಿಗಳನ್ನೆಲ್ಲ ಹೊತ್ತು ಸಾಗಿಸಿದವಳೂ ಅವಳೇ.

ಈಗೀಗ ನಮ್ಮಲ್ಲಿ ಹಿಮ ಬೀಳುವುದು ತಡ. ಅದಕ್ಕೇ ಹೋದ ವರ್ಷದ ಹಿಮವನ್ನು ರಾಶಿ ಹಾಕಿ, ಬೇಸಿಗೆಯುದ್ದಕ್ಕೂ ಮರದ ಹೊಟ್ಟು ಮುಚ್ಚಿ ಕಾಪಾಡಿ, ಮೊನ್ನೆ ಊರವರೆಲ್ಲ ಸೇರಿ ಸ್ಕೀ ಜಾಡಿನ ಮೇಲೆ ಹರಡಿದೆವು. ಕೆಲಸ ಮುಗಿದ ಮೇಲೆ ವಾಡಿಕೆಯಂತೆ ಬೆಂಕಿ ಹಾಕಿದೆವು. ಗುನ್ವೋರಳ ಜೊತೆ ಓದಿದ, ಈಗ ಸಂಘದ ಅಧ್ಯಕ್ಷನಾಗಿರುವ ಸ್ಟೈನಾರ್, ಕಾಫಿಗೆಂದು ಕೆಟಲ್ ತುಂಬ ಅದೇ ಹಿಮ ತುಂಬಿ ಬೆಂಕಿಯ ಮೇಲಿಟ್ಟ.

"ಇನ್ನು ನಮ್ಮ ಜಾಡು ಹಾಲಿನಷ್ಟು ಶುದ್ಧ ಕಣೇ! ವಿಷ ತೊಲಗ್ತು," ಎಂದ ಅವನು.

"ತೊಲಗಿದ್ದು ಡಬ್ಬಿ," ಎಂದಳು ಗುನ್ವೋರ್. "ಹೋದ ವರ್ಷ ಇದೇ ಹಿಮದ ಮೇಲೆ ಓಡಿದ ಹಲಗೆಗೆಲ್ಲ ನಾನು ಯಾವ ಮೇಣ ಹಚ್ಚಿದ್ದೆ ಅಂದ್ಕೊಂಡೆ? ಅದನ್ನೇ ಜೋಪಾನ ಮಾಡಿ ಇಟ್ಕೊಂಡಿದೀವಲ್ಲೋ, ಪುಣ್ಯಾತ್ಮ!"

ಕೆಟಲಿನಲ್ಲಿ ಹಿಮ ಆಗಲೇ ಕರಗಿ ನೀರಾಗಿತ್ತು. ಅವಳು ಸೊಂಟ ಹಿಡಿದುಕೊಂಡು ಎದ್ದು, ಚೆಲ್ಲಿಬಿಡಲೆಂದು ಕೆಟಲ್ ಎತ್ತಿಕೊಂಡಳು. ಎಲ್ಲಿ ಚೆಲ್ಲುವುದೆಂದು ತೋಚದೆ, ಹಾಗೇ ಹಿಡಿದುಕೊಂಡು ನಿಂತಳು.