ಇಬ್ಬರು ಮುತ್ಯಾಗಳ ಮೊಳ

ಗೆಳೆಯರೇ, ಇವತ್ತು ಸೇಡಂ ರಸ್ತೆಯಲ್ಲಿರುವ ಮೊಮ್ಮಗಳ ಶಾಲೆಯಲ್ಲಿ ನನಗೂ ಕಮಲಾಪುರದ ಬೀಗರಿಗೂ ಜಗಳವಾಯಿತು. ಅಳತೆಯ ಪಾಠಕ್ಕೆಂದು ಟೀಚರ್ ಅವಳ ಇಬ್ಬರು ಮುತ್ಯಾಗಳನ್ನೂ ಕರೆಸಿ, ಕರಿಹಲಗೆಯನ್ನು ಮೊಳದಲ್ಲಿ ಅಳೆಯಲು ಹೇಳಿದರು. ನನಗೆ ಐದು ಮೊಳ ಬಂತು, ಬೀಗರಿಗೆ ಆರು.

"ಬೀಗರೇ, ಬೆರಳಿನ ತುದಿತನಕ ಹಿಡೀರಿ. ಮಣಿಕಟ್ಟಿಗೇ ನಿಂದ್ರಸಾಕತ್ತೀರಿ," ಎಂದೆ.

"ನಿಮ್ಮಂಗ ಹಲಗಿ ಮ್ಯಾಲ ಮಕ್ಕೊಂಡು ಅಳೀಲೇನ್ರಿ?" ಎಂದರು.

ಮಕ್ಕಳು ಬೆಂಚು ಬಡಿದು ನಕ್ಕರು. ನನಗೆ ತಲೆ ಕೆಟ್ಟಿತು. ಮೊಮ್ಮಗಳ ಎದುರು ಸೋಲುವುದು ಹೇಗೆ? ಮತ್ತೆ ಅಳೆದೆ, ದನಿಯೂ ಏರಿತು. ಟೀಚರ್ ಬಿಡಿಸಲು ಬರಲೇ ಇಲ್ಲ. ಸಾಕಷ್ಟು ಜಗಳವಾದ ಮೇಲೆ ಸ್ಕೇಲ್ ಹಿಡಿದು ಹಲಗೆ ಅಳೆದು, "ನೋಡಿದ್ರೇನು ಮಕ್ಕಳೇ, ಒಬ್ಬೊಬ್ಬರ ಮೊಳ ಒಂದೊಂದು ತರ ಇರ್ತದ. ಅದಕ್ಕೇ ಸ್ಕೇಲ್ ಬೇಕು," ಎಂದರು.

ಆಮೇಲೆ ಗೊತ್ತಾಯಿತು. ಮಾತುಮಾತಿಗೆ ಜಗಳವಾಡುವ ಹಿರಿಯರು ಯಾರ ಮನೆಯಲ್ಲಿದ್ದಾರೆ ಎಂದು ಟೀಚರ್ ನಿನ್ನೆ ಕೇಳಿದಾಗ, ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನನ್ನ ಮೊಮ್ಮಗಳೇ.

ಗೇಟಿನ ಹೊರಗೆ ಬಂದು ಬೀಗರು, "ಆ ಸ್ಕೇಲೇ ಸರಿ ಇಲ್ಲ ಬಿಡ್ರಿ," ಎಂದರು. ಹೌದೆಂದೆ. ಮಕ್ಕಳ ಮದುವೆಯಾದಂದಿನಿಂದ ನಾವಿಬ್ಬರೂ ಒಪ್ಪಿದ ಮೊದಲ ಮಾತು ಇದು.